ದ್ಯೂತವೂ ಅನುದ್ಯೂತವೂ

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಹೋಸೆ ನಗರದಲ್ಲಿ ಕಂಪ್ಯೂಟರ್ ಇಂಜಿನಿಯರನಾಗಿದ್ದು ರಜೆಯ ಮೇಲೆ ಮೈಸೂರಿಗೆ ಬಂದಿರುವ ಒಬ್ಬ ತರುಣನಿಗೂ, ಗಣಿತದ ಅಧ್ಯಾಪಕವೃತ್ತಿಯಿಂದ ನಿವೃತ್ತರಾಗಿ, ಮಗಳ ಮನೆಯ ನಿಮಿತ್ತ ಅದೇ ನಗರದಲ್ಲಿ ಬಹುಕಾಲ ಇದ್ದು ಬಂದಿರುವ ಅವನ ಸೋದರಮಾವನಿಗೂ ನಡೆದ ಸಂಭಾಷಣೆಯಿದು. ಇಸ್ಪೀಟಿನ ಎಲೆಯನ್ನು ಮುಟ್ಟುವುದೇ ಪಾಪವೆಂದು ನಂಬಿದವರಿಗೆ ಇದರಲ್ಲಿ ಪ್ರಯೋಜನ ಕಡಮೆ. ಮುಟ್ಟಿಯೇ ತೀರುವೆನೆಂದು ಹೊರಟವರಿಗೆ ಸ್ವಲ್ಪ ಇದ್ದೀತು.

ಅಳಿಯ: ಮಾವ, ಪೋಕರ್ ಆಟದ ವಿಧಿಗಳನ್ನು ಕಲಿತದ್ದಾಯಿತು. ಕೈಗೆ ಎರಡೆಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದೆಲೆ, ನಾಲ್ಕು ಸುತ್ತು ಪಣ. ಯಾವ ಜೋಡಣೆ ಯಾವುದನ್ನು ಮೀರುತ್ತದೆಂಬುದೂ ಬಾಯಿಪಾಠವಾಗಿದೆ. ಈಗ ನಾನಿರುವ ಊರಿನ ಕಾರ್ಡ್‌ರೂಮಿನೊಳಕ್ಕೆ ಕಾಲಿಟ್ಟರೆ ಎದುರಿಗೆ ಎರಡು ದಾರಿಗಳು. ಒಂದು ಕಡೆ ಸಂಜೆಯ ಸಣ್ಣ ಟೂರ್ನಮೆಂಟು: ಗೊತ್ತಾದ ಪ್ರವೇಶಧನವನ್ನು ತೆತ್ತು ಕುಳಿತರೆ ಎಲ್ಲರಿಗೂ ಸಮನಾಗಿ ಚಿಪ್ಸು ಹಂಚುತ್ತಾರೆ, ಚಿಪ್ಸು ಮುಗಿದವನು ಎದ್ದುಹೋಗುತ್ತಾನೆ, ಕಡೆಯವರೆಗೆ ಉಳಿದ ಕೆಲವರು ಬಹುಮಾನವನ್ನು ಹಂಚಿಕೊಳ್ಳುತ್ತಾರೆ. ಇನ್ನೊಂದು ಕಡೆ ಕ್ಯಾಶ್ ಗೇಮು: ಅಲ್ಲಿ ಚಿಪ್ಸೆಂದರೆ ಹಣವೇ, ಬೇಕೆನಿಸಿದಾಗ ಕೂಡಬಹುದು, ಸಾಕೆನಿಸಿದಾಗ ಏಳಬಹುದು. ಹೊಸಬನಾದ ನಾನು ಯಾವುದನ್ನು ಹಿಡಿಯಲಿ?

ಮಾವ: ನಿನ್ನ ಮನಸ್ಸು ಆಗಲೇ ಒಂದು ಕಡೆಗೆ ವಾಲಿರಬೇಕು. ಮೊದಲು ಅದನ್ನು ಹೇಳಿಬಿಡು. ವಾಲಿದ ಮನಸ್ಸನ್ನು ಮುಚ್ಚಿಟ್ಟುಕೊಂಡು ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಫಲವಿಲ್ಲ.

ಅಳಿಯ: ಟೂರ್ನಮೆಂಟಿನ ಕಡೆಗೇ ವಾಲಿದೆ. 2003ರಲ್ಲಿ ಟೆನೆಸಿ ಸಂಸ್ಥಾನದ ಲೆಕ್ಕಿಗನೊಬ್ಬ, ಕ್ರಿಸ್ ಮನಿಮೇಕರ್ ಎಂಬಾತ, ಅಂತರ್ಜಾಲದಲ್ಲಿ 86 ಡಾಲರು ತೆತ್ತು ಆಡಿದ ಅರ್ಹತಾ ಪಂದ್ಯದಿಂದ ಮೇಲೇರಿ ಲಾಸ್ ವೇಗಸ್ಸಿನ ವಿಶ್ವ ಪೋಕರ್ ಸರಣಿಯ ಮುಖ್ಯಪಂದ್ಯದಲ್ಲಿ ಸ್ಥಾನ ಸಂಪಾದಿಸಿ, 10,000 ಡಾಲರು ಪ್ರವೇಶಧನದ ಆ ಪಂದ್ಯದಲ್ಲಿ 839 ಮಂದಿಯ ಪೈಕಿ ಕೊನೆಯವನಾಗಿ ಉಳಿದು 25 ಲಕ್ಷ ಡಾಲರುಗಳನ್ನು ಗೆದ್ದನಂತೆ. ಇಂಥದು ಕ್ಯಾಶ್ ಗೇಮಿನಲ್ಲಿ ಸಾಧ್ಯವೆ?

ಮಾವ: ಸಾಧ್ಯವಿಲ್ಲ, ಆದರೆ ನೀನು ಲೆಕ್ಕಿಗನ ಕಥೆಯನ್ನು ಹೇಳಿದೆಯೇ ಹೊರತು ಲೆಕ್ಕವನ್ನು ಹೇಳಲಿಲ್ಲ. ಒಬ್ಬನ ಹೆಸರು ನಿನ್ನ ನಾಲಗೆಯ ಮೇಲೆ ಕುಣಿಯುತ್ತಿರುವುದಕ್ಕೆ ಉಳಿದ 838 ಮಂದಿಯ ಪ್ರವೇಶಧನ ಆಧಾರವಾಗಿದೆಯೆಂಬುದನ್ನು ಮರೆಯಬೇಡ. ಅನೇಕರ ನಷ್ಟವನ್ನು ಒಂದೆಡೆ ಕೂಡಿಸಿ ಕೆಲವರ ಕೈಗೆ ಮಹಾಲಾಭವಾಗಿ ಸುರಿಯುವುದೇ ಟೂರ್ನಮೆಂಟಿನ ಸ್ವಭಾವ; ಅನೇಕ ಮೇಜುಗಳುಳ್ಳ ಸಣ್ಣವುಗಳಲ್ಲಿಯೂ ಬಹುಮಾನ ಮುಟ್ಟುವವರು ಸಾಮಾನ್ಯವಾಗಿ ಹತ್ತರಲ್ಲೊಬ್ಬರು, ಹೆಚ್ಚೆಂದರೆ ಏಳರಲ್ಲೊಬ್ಬರು, ಅವರಲ್ಲಿಯೂ ಬಹುಪಾಲಿನವರು ತಾವು ತೆತ್ತದ್ದಕ್ಕಿಂತ ಸ್ವಲ್ಪವೇ ಹೆಚ್ಚನ್ನು ಹಿಂದಕ್ಕೆ ಪಡೆಯುವವರು. ಮೊದಲ ಕೆಲವು ಸ್ಥಾನಗಳನ್ನು ಬಿಟ್ಟರೆ ಆ ವೈಭವವೆಲ್ಲ ದೂರದ ಬೆಟ್ಟ. ಇನ್ನೊಂದು ಸಂಗತಿ ಕೇಳು. ನೀನು ಹೇಳಿದ ಆ ವಿಶ್ವ ಸರಣಿಯೇ ಮೊದಲ ವರ್ಷ ಟೂರ್ನಮೆಂಟಾಗಿರಲಿಲ್ಲ. 1970ರಲ್ಲಿ ಲಾಸ್ ವೇಗಸ್ಸಿನ ತನ್ನ ಹಾರ್ಸ್‌ಶೂ ಕ್ಯಾಸಿನೊದಲ್ಲಿ ಬೆನ್ನಿ ಬಿನಿಯನ್ ಎಂಬುವನು ದೇಶದ ಹೆಸರಾಂತ ಆಟಗಾರರನ್ನು ಕೂಡಿಸಿದಾಗ ಅವರು ಆಡಿದ್ದು ಕ್ಯಾಶ್ ಗೇಮನ್ನೇ. ಯಾರು ಶ್ರೇಷ್ಠರೆಂಬುದನ್ನು ತಮ್ಮತಮ್ಮಲ್ಲಿ ಮತ ಹಾಕಿ ತೀರ್ಮಾನಿಸಿದರು, ಜಾನಿ ಮಾಸ್ ಆಯ್ಕೆಯಾದನು. ಮರುವರ್ಷದಿಂದ, ಒಬ್ಬನಿಗೆ ಎಲ್ಲರ ಚಿಪ್ಸೂ ಸೇರುವವರೆಗೆ ಆಡುವ ಪದ್ಧತಿ ಬಂದಿತು. ಆಗಲೂ ಮಾಸನೇ ಗೆದ್ದನು. ಆ ಪದ್ಧತಿಯಿಂದ ನೋಡುವವರಿಗೆ ಆದಿಯೂ ಅಂತ್ಯವೂ ಉಳ್ಳ ಒಂದು ಕಥೆ ದೊರೆಯಿತು. ಆಟದ ಮರ್ಮ ಬಲ್ಲವರು ಮಾತ್ರ ತಮ್ಮ ನಿತ್ಯಜೀವನವನ್ನು ಆ ಕಥೆಯ ಹೊರಗಿನ ಮೇಜುಗಳಲ್ಲಿಯೇ ನಡೆಸಿಕೊಂಡು ಬಂದರು.

ಅಳಿಯ: ಹಾಗಾದರೆ ಆಟದ ಮರ್ಮವನ್ನು ಕಲಿಯಬೇಕೆಂಬವನಿಗೆ ಕ್ಯಾಶ್ ಗೇಮೇ ವಿಹಿತವೆಂದಾಯಿತು.

ಮಾವ: ಕಲಿಕೆಯೊಂದನ್ನೇ ಲಕ್ಷ್ಯದಲ್ಲಿಟ್ಟರೆ ಹಾಗೆಂದೇ ಹೇಳಬೇಕು; ಏಕೆಂಬುದನ್ನು ಒಂದೇ ಆಟವನ್ನು ಮುಂದಿಟ್ಟುಕೊಂಡು ನೋಡೋಣ. ನಿನ್ನ ಕೈಯಲ್ಲಿ ಆಟೀನಿನ ಗುಲಾಮ ಮತ್ತು ಎಂಟು. ನಡುವೆ ನಾಲ್ಕೆಲೆ ಬಿದ್ದಿವೆ: ಆಟೀನಿನ ರಾಜ, ಇಸ್ಪೀಟಿನ ರಾಣಿ, ಆಟೀನಿನ ಆರು, ಕಳಾವರಿನ ಮೂರು. ಎದುರಾಳಿಗೆ ರಾಜನ ಜೋಡಿಯಿದೆಯೆಂದು ಇಟ್ಟುಕೊ. ನಿನಗೆ ಸದ್ಯ ಏನೂ ಇಲ್ಲ. ಕಡೆಯ ಎಲೆ ಆಟೀನಾದರೆ ಐದೂ ಒಂದೇ ಜಾತಿಯವಾಗಿ ಗೆಲ್ಲುತ್ತೀಯೆ. ಪಾಟಿನಲ್ಲಿ, ಅಂದರೆ ನಡುವೆ ಕೂಡಿರುವ ಪಣದಲ್ಲಿ, 60 ಡಾಲರಿದೆ, ಅವನು 30 ಇಟ್ಟನು. ನೀನು 30 ಹಾಕಿ ಕಡೆಯ ಎಲೆಯನ್ನು ನೋಡಬೇಕೆ, ಬಿಡಬೇಕೆ?

ಅಳಿಯ: ಆಟೀನು ಹದಿಮೂರು, ನಾಲ್ಕು ಕಣ್ಣಿಗೆ ಕಾಣುತ್ತಿವೆ, ಉಳಿದದ್ದು ಒಂಬತ್ತು. ನನಗೆ ಕಾಣದ ಎಲೆಗಳು 46. ಒಂಬತ್ತು ಸಲ ಗೆದ್ದು 37 ಸಲ ಸೋಲುತ್ತೇನೆ. ಸೋತಾಗ ಹೋಗುವುದು 30ರಂತೆ 1,110. ಗೆದ್ದಾಗ ಬರುವುದು 90ರಂತೆ 810. ನಷ್ಟವೇ ಹೆಚ್ಚು, ಬಿಡಬೇಕು.

ಮಾವ: ಅಲ್ಲಿಗೇ ನಿಲ್ಲಿಸಬೇಡ. ಕೊರತೆ 300, ಗೆಲ್ಲುವ ಸಲಗಳು ಒಂಬತ್ತು. ಗೆದ್ದ ಪ್ರತಿಯೊಂದು ಸಲವೂ, ಕಡೆಯ ಎಲೆ ಬಿದ್ದ ಮೇಲೆ ಎದುರಾಳಿಯಿಂದ ಇನ್ನು 34 ಡಾಲರನ್ನು ಹೊರಡಿಸಬಲ್ಲೆಯಾದರೆ ಕೊರತೆ ತುಂಬಿ ಲಾಭಕ್ಕೆ ತಿರುಗಿತು. ಆದಕಾರಣ ಪ್ರಶ್ನೆ ಎಲೆಗಳದ್ದಷ್ಟೇ ಅಲ್ಲ. ಅವನ ಮುಂದೆ ಇನ್ನೂ ಎಷ್ಟು ಹಣವಿದೆ, ಮೂರನೆಯ ಆಟೀನು ಮೇಜಿನ ಮೇಲೆ ಬಿದ್ದರೂ ಹೆದರದೆ ಕೊಡುವ ಮನುಷ್ಯನೇ ಅವನು, ಇವೂ ಪ್ರಶ್ನೆಗಳೇ. ಕ್ಯಾಶ್ ಗೇಮಿನಲ್ಲಿ ಅವನ ಮುಂದೆ 200 ಡಾಲರಿದ್ದರೆ ಈ ವಿಚಾರಕ್ಕೆ ಅರ್ಥವುಂಟು. ಟೂರ್ನಮೆಂಟಿನಲ್ಲಿ, ಎರಡು ಗಂಟೆ ಕಳೆದ ಮೇಲೆ, ಅದೇ ಎಲೆ ಅದೇ ಅನುಪಾತದ ಪಣ ಬಂದಾಗ, ಅವನು ಇಟ್ಟುದೇ ಅವನ ಕಡೆಯ ಚಿಪ್ಸಾಗಿರುತ್ತದೆ. ಹೊರಡಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ, ವಿಚಾರಿಸಲೂ ಏನೂ ಉಳಿದಿರುವುದಿಲ್ಲ.

ಅಳಿಯ: ಎರಡೇ ಗಂಟೆಯಲ್ಲಿ ಅಷ್ಟು ಬತ್ತಿಹೋಗುವುದೆ?

ಮಾವ: ಬತ್ತಿಸುವುದಕ್ಕಾಗಿಯೇ ಗಡಿಯಾರವನ್ನಿಟ್ಟಿದ್ದಾರೆ. ಎಲೆ ನೋಡುವುದಕ್ಕೆ ಮುಂಚೆಯೇ ಇಬ್ಬರು ಸರದಿಯ ಮೇಲೆ ಕಡ್ಡಾಯವಾಗಿ ಇಡಬೇಕಾದ ಬ್ಲೈಂಡು ಕ್ಯಾಶ್ ಗೇಮಿನಲ್ಲಿ ರಾತ್ರಿಯಿಡೀ ಬದಲಾಗುವುದಿಲ್ಲ. 1-3 ಡಾಲರಿನ ಮೇಜು ಬೆಳಗಾದರೂ 1-3ರ ಮೇಜೇ. ಟೂರ್ನಮೆಂಟಿನಲ್ಲಿ ಅದು ಏರುತ್ತ ಹೋಗುತ್ತದೆ. ಹತ್ತು ಸಾವಿರ ಚಿಪ್ಸಿನಿಂದ ಆರಂಭಿಸಿ 50-100ರ ಬ್ಲೈಂಡಿದ್ದಾಗ ನಿನ್ನ ಬಳಿ ನೂರು ದೊಡ್ಡ ಬ್ಲೈಂಡುಗಳಷ್ಟಿತ್ತು. ಇಪ್ಪತ್ತು ನಿಮಿಷಕ್ಕೊಂದು ಹಂತದಂತೆ 100-200, 150-300, 200-400, 300-600 ಎಂದು ಏರಿ ನೂರನೆಯ ನಿಮಿಷಕ್ಕೆ 400-800 ಆಯಿತೆನ್ನು. ನೀನು ಒಂದು ಚಿಪ್ಸನ್ನೂ ಸೋಲದಿದ್ದರೂ ಆ ಹತ್ತು ಸಾವಿರ ಈಗ ಹನ್ನೆರಡೂವರೆ ಬ್ಲೈಂಡುಗಳಿಗೆ ಇಳಿಯಿತು. ಅಲ್ಲಿಂದ ಮುಂದೆ ಆಟವೆಂಬುದು ಇರುವುದನ್ನೆಲ್ಲ ಒಮ್ಮೆಗೇ ನೂಕುವುದು, ಇಲ್ಲವೆ ಎಲೆ ಬಿಸುಡುವುದು, ಇವೆರಡೇ. ಅದಕ್ಕೂ ಒಂದು ಶಾಸ್ತ್ರವಿದೆ, ಅದೇನು ಸುಲಭವೂ ಅಲ್ಲ. ಆದರೆ ನಾಲ್ಕು ಸುತ್ತುಗಳ ಪಣದಲ್ಲಿ ಕಡೆಯ ಎರಡು ಸುತ್ತುಗಳ ಸೂಕ್ಷ್ಮವನ್ನು ಅಲ್ಲಿ ಕಲಿಯಲಾಗದು. ಮೇಲಾಗಿ ಕೈಗೆ ಎರಡು ಎಕ್ಕ ಬರುವುದು 221 ಸಲಕ್ಕೊಮ್ಮೆ. ಡೀಲರ್ ಕೈಯಿಂದ ಹಂಚುವ ಮೇಜಿನಲ್ಲಿ ಗಂಟೆಗೆ ಸುಮಾರು ಮೂವತ್ತು ಆಟ ನಡೆಯುತ್ತವೆಯೆಂದರೆ ಏಳು ಗಂಟೆಗೊಮ್ಮೆ. ಗಡಿಯಾರ ಅಷ್ಟು ಕಾಯುವುದಿಲ್ಲ.

ಅಳಿಯ: ನನ್ನ ಮನಸ್ಸನ್ನು ಬದಲಾಯಿಸಿಬಿಟ್ಟಿರಿ. ಇನ್ನು ಕ್ಯಾಶ್ ಗೇಮೇ ಸರಿ. ಸಣ್ಣ ಟೂರ್ನಮೆಂಟುಗಳಲ್ಲಿ ಕ್ಲಬ್ಬಿನವರು ಪ್ರವೇಶಧನದಿಂದ ತೆಗೆದುಕೊಳ್ಳುವ ಪಾಲೂ ವಿಪರೀತವೆಂದು ಕೇಳಿದ್ದೇನೆ. ನೂರು ಡಾಲರಿನಲ್ಲಿ ಇಪ್ಪತ್ತು ಅವರಿಗೇ ಹೋಗುವುದೆಂದರೆ ಸಾಮಾನ್ಯವೆ?

ಮಾವ: ಅವಸರಪಡಬೇಡಯ್ಯ. ಚೀಟಿಯ ಮೇಲೆ ಬರೆದಿರುವ ಇಪ್ಪತ್ತು ಕಣ್ಣಿಗೆ ಚುಚ್ಚುತ್ತದೆ. ಬರೆಯದೆ ತೆಗೆದದ್ದು ಚುಚ್ಚುವುದಿಲ್ಲ. ಕ್ಯಾಲಿಫೋರ್ನಿಯಾದ ನಿಯಮದಂತೆ ಕಾರ್ಡ್‌ರೂಮಿನವರು ಕ್ಯಾಶ್ ಗೇಮಿನ ಪಣದ ಮೊತ್ತದಲ್ಲಿ ಶೇಕಡಾ ಇಷ್ಟೆಂದು ಪಾಲು ತೆಗೆಯುವಂತಿಲ್ಲ. ಆಟವೊಂದಕ್ಕೆ ಇಂತಿಷ್ಟೆಂಬ ಗೊತ್ತಾದ ಶುಲ್ಕವನ್ನೇ ತೆಗೆಯಬೇಕು. ದೊಡ್ಡ ಮೇಜಿನವರಿಗೆ ಇದು ತೃಣಪ್ರಾಯ. ಸಣ್ಣ ಮೇಜಿನವರಿಗೆ ಭಾರ. ಶುಲ್ಕ ಐದು ಡಾಲರೆಂದು ಊಹಿಸಿ ಲೆಕ್ಕ ಹಾಕು. ಗಂಟೆಗೆ ಮೂವತ್ತು ಆಟವೆಂದರೆ 150 ಡಾಲರು ಮೇಜಿನಿಂದ ಮಾಯವಾಯಿತು. ಒಂಬತ್ತು ಮಂದಿಗೆ ಹಂಚಿದರೆ ತಲೆಗೆ ಸುಮಾರು 17. ಡೀಲರನಿಗೆ ಕೊಡುವ ಭಕ್ಷೀಸು ಬೇರೆ. ಅಂದರೆ 1-3ರ ಮೇಜಿನಲ್ಲಿ ಎಲ್ಲರೂ ಸಮಬಲರಾಗಿದ್ದರೆ ಪ್ರತಿಯೊಬ್ಬನೂ ಗಂಟೆಗೆ ಐದಾರು ದೊಡ್ಡ ಬ್ಲೈಂಡುಗಳಷ್ಟು ಸೋಲುತ್ತಿರುತ್ತಾನೆ, ಗೆದ್ದವರು ಯಾರೂ ಇರುವುದಿಲ್ಲ. ನೀನು ದೂರಿದ ಟೂರ್ನಮೆಂಟಿನಲ್ಲಿ ಮೂರು ಗಂಟೆ ಉಳಿದೆಯಾದರೆ ಆ ಇಪ್ಪತ್ತು ಡಾಲರು ಗಂಟೆಗೆ ಏಳರೊಳಗೇ ಬಿತ್ತು. ಮೊದಲ ಅರ್ಧ ಗಂಟೆಯಲ್ಲೇ ಹೊರಬಿದ್ದೆಯಾದರೆ ದುಬಾರಿಯೇ, ಅದು ನಿಜ. ಹೇಗೂ ಒಟ್ಟು ತೆರುವುದು ಎಷ್ಟೆಂಬುದು ಬಾಗಿಲಲ್ಲಿಯೇ ತಿಳಿದಿತ್ತು.

ಅಳಿಯ: ಈಗ ನೀವು ಎರಡೂ ಪಕ್ಷಗಳನ್ನು ಖಂಡಿಸಿದಂತಾಯಿತು. ಸಿದ್ಧಾಂತವೇನು?

ಮಾವ: ನೀನು ಕೇಳಿದ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಬೆಸೆದುಕೊಂಡಿವೆ, ಅವನ್ನು ಬೇರ್ಪಡಿಸದೆ ಸಿದ್ಧಾಂತ ಹುಟ್ಟದು. ಆಟವನ್ನು ಎಲ್ಲಿ ಚೆನ್ನಾಗಿ ಕಲಿಯಬಹುದು ಎಂಬುದೊಂದು. ಕಲಿಯದವನ ಸೋಲು ಎಲ್ಲಿ ತಾನಾಗಿ ನಿಲ್ಲುತ್ತದೆ ಎಂಬುದಿನ್ನೊಂದು. ಮೊದಲನೆಯದಕ್ಕೆ ಕ್ಯಾಶ್ ಗೇಮೆಂದೆ. ಎರಡನೆಯದಕ್ಕೆ ಉತ್ತರ ಹೇಳುವಾಗ ನನಗೆ ಸಭಾಪರ್ವ ನೆನಪಾಗುತ್ತದೆ. ಅಲ್ಲಿ ಧರ್ಮರಾಯ ಒಂದು ದ್ಯೂತವನ್ನಲ್ಲ, ಎರಡನ್ನು ಆಡಿದನೆಂಬುದನ್ನು ನಾವು ಅನೇಕ ವೇಳೆ ಮರೆಯುತ್ತೇವೆ. ಮೊದಲನೆಯದರಲ್ಲಿ ಪಣಕ್ಕೆ ಮಿತಿಯಿರಲಿಲ್ಲ. ಒಂದು ಸೋತ ಬಳಿಕ ಇನ್ನೊಂದನ್ನು ನಿಶ್ಚಯಿಸುತ್ತ, ಮಣಿಗಳಾದ ಮೇಲೆ ರಥ, ರಥದ ಮೇಲೆ ರಾಜ್ಯ, ರಾಜ್ಯವೂ ಹೋದ ಮೇಲೆ ತಮ್ಮಂದಿರು, ತಾನು, ಕಡೆಗೆ ದ್ರೌಪದಿ, ಹೀಗೆ ಪ್ರತಿಯೊಂದು ಸೋಲೂ ಮುಂದಿನ ಪಣಕ್ಕೆ ಕಾರಣವಾಗುತ್ತ ನಡೆಯಿತು. ಎರಡನೆಯದು, ಅನುದ್ಯೂತ: ಅಲ್ಲಿ ದಾಳವನ್ನೆಸೆಯುವುದಕ್ಕೆ ಮುಂಚೆಯೇ ಪಣ ಗೊತ್ತಾಯಿತು, ಸೋತವರಿಗೆ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ, ಒಂದೇ ಎಸೆತ. ಅದನ್ನೂ ಅವನು ಸೋತನು. ಆದರೆ ಫಲದಲ್ಲಿರುವ ಭೇದವನ್ನು ನೋಡು. ಮೊದಲನೆಯದರಿಂದ ಅವನನ್ನು ಹೊರತಂದದ್ದು ಅವನ ವಿವೇಕವಲ್ಲ, ದ್ರೌಪದಿಯ ಪ್ರಶ್ನೆಯೂ ಧೃತರಾಷ್ಟ್ರನ ಭಯವೂ. ಎರಡನೆಯದು ಎಷ್ಟು ಕಠೋರವಾಗಿದ್ದರೂ ಅದಕ್ಕೊಂದು ಅವಧಿಯಿತ್ತು. ಹದಿನಾಲ್ಕನೆಯ ವರ್ಷದ ಬಾಗಿಲಲ್ಲಿ ಅವನು ಋಣಮುಕ್ತನಾಗಿ ನಿಂತನು.

ಅಳಿಯ: ಆದರೆ ಮಾವ, ಕ್ಯಾಶ್ ಗೇಮಿನಲ್ಲಿಯೂ ಒಂದು ಕಟ್ಟು ಇದೆಯಲ್ಲ. ಆಟ ನಡೆಯುತ್ತಿರುವಾಗ ಮೇಜಿನ ಮೇಲಿರುವುದನ್ನಷ್ಟೇ ಪಣಕ್ಕಿಡಬಹುದು, ಜೇಬಿಗೆ ಕೈಹಾಕುವಂತಿಲ್ಲ. ಆ ನಿಯಮ ಹಸ್ತಿನಾವತಿಯಲ್ಲಿದ್ದಿದ್ದರೆ ದ್ರೌಪದಿಯನ್ನು ಪಣಕ್ಕಿಡುವುದು ಸಾಧ್ಯವೇ ಆಗುತ್ತಿರಲಿಲ್ಲ.

ಮಾವ: ಒಳ್ಳೆಯ ಆಕ್ಷೇಪಣೆ. ಆ ನಿಯಮ ಒಂದು ಆಟವನ್ನು ಕಾಯುತ್ತದೆ, ಒಂದು ರಾತ್ರಿಯನ್ನು ಕಾಯುವುದಿಲ್ಲ. ಎಲೆಗಳನ್ನು ಮತ್ತೆ ಕಲಸುವಷ್ಟರಲ್ಲಿ ಇನ್ನೂ ಮುನ್ನೂರು ಡಾಲರು ತೆಗೆದು ಮೇಜಿನ ಮೇಲಿಡಲು ನಿನಗೆ ಪೂರ್ಣ ಸ್ವಾತಂತ್ರ್ಯವಿದೆ, ಇಡಲೆಂದೇ ಚಿಪ್ಸು ಹೊತ್ತು ಓಡಾಡುವ ಸೇವಕರೂ ಇದ್ದಾರೆ. ಗೆದ್ದುದರಲ್ಲಿ ಅರ್ಧವನ್ನು ಜೇಬಿಗೆ ಸೇರಿಸಿಕೊಂಡು ಆಡುತ್ತೇನೆಂದರೆ ಮಾತ್ರ ನಿಯಮ ಅಡ್ಡ ಬರುತ್ತದೆ. ಹಣ ಮೇಜಿನ ಮೇಲೆಯೇ ಇರಬೇಕು, ತೆಗೆಯುವುದಾದರೆ ನೀನೂ ಏಳಬೇಕು. ಒಳಗೆ ತರುವುದಕ್ಕೆ ದಾರಿ ಅಗಲ, ಹೊರಗೆ ಒಯ್ಯುವುದಕ್ಕೆ ಒಂದೇ ಬಾಗಿಲು. ಅದು ಮೇಜಿನಿಂದ ಏಳುವುದು. ಏಳುವುದು ಸಣ್ಣ ಕೆಲಸವೆಂದು, ಎಂದೂ ಕುಳಿತಿರದವನು ತಿಳಿಯುತ್ತಾನೆ. ಸೋತವನಿಗೆ ಸೋತದ್ದನ್ನು ಹಿಂದಕ್ಕೆ ಪಡೆಯಬೇಕು. ಗೆದ್ದವನಿಗೆ ಅದೃಷ್ಟ ಹರಿದುಬರುತ್ತಿರುವಾಗ ಏಳುವುದು ಮೂರ್ಖತನ. ಸೋಲದೆ ಗೆಲ್ಲದೆ ಇರುವವನಿಗೆ ಬಂದ ಕಾರ್ಯವಾಗಲಿಲ್ಲ. ಏಳಲು ಸಕಾರಣವಾದ ಸ್ಥಿತಿಯೇ ಮನಸ್ಸಿಗೆ ತೋರುವುದಿಲ್ಲ. ಟೂರ್ನಮೆಂಟಿನಲ್ಲಿ ಈ ಕೆಲಸವನ್ನು ಗಡಿಯಾರವೇ ಮಾಡುತ್ತದೆ. ಏಳುವ ಕಲೆ ನಿನ್ನದಾಗುವವರೆಗೆ ಅದನ್ನು ನೂರು ಡಾಲರಿಗೆ ಎರವಲು ಪಡೆಯುವುದರಲ್ಲಿ ತಪ್ಪಿಲ್ಲ.

ಅಳಿಯ: ಅಂದರೆ, ಕಲಿಯುವುದಕ್ಕೆ ಕ್ಯಾಶ್ ಗೇಮು ಉತ್ತಮ, ಕಲಿಯುವವನಿಗೆ ಟೂರ್ನಮೆಂಟು ಕ್ಷೇಮ.

ಮಾವ: ಚೆನ್ನಾಗಿ ಹೇಳಿದೆ. ಇದಕ್ಕೆ ಸಾಕ್ಷಿ ಬೇಕಾದರೆ ಸ್ಟೂ ಉಂಗರ್ ಇದ್ದಾನೆ. 1980, 1981 ಮತ್ತು 1997ರಲ್ಲಿ ಆ ವಿಶ್ವ ಪಂದ್ಯವನ್ನು ಗೆದ್ದವನು. ಎಲೆಗಳ ಜ್ಞಾನದಲ್ಲಿ ಅವನಿಗೆ ಸಮಾನರು ವಿರಳ. ಮೂರನೆಯ ಸಲ ಗೆದ್ದು ಎರಡು ವರ್ಷ ತುಂಬುವ ಮುಂಚೆ, 1998ರಲ್ಲಿ, ಲಾಸ್ ವೇಗಸ್ಸಿನ ಅಗ್ಗದ ಮೋಟೆಲೊಂದರಲ್ಲಿ ಬರಿಗೈಯವನಾಗಿ ಸತ್ತನು. ಹತ್ತು ಲಕ್ಷ ಡಾಲರಿನ ಬಹುಮಾನವೂ ಮಾದಕದ್ರವ್ಯಕ್ಕೂ ಇತರ ಜೂಜುಗಳಿಗೂ ಕರಗಿತ್ತು. ಅಂತ್ಯವುಳ್ಳ ಪಂದ್ಯ ಅವನನ್ನು ಸಿಂಹಾಸನದ ಮೇಲೆ ಕೂಡಿಸಿತು. ಅಂತ್ಯವಿಲ್ಲದ ಜೂಜು ಕೆಳಗಿಳಿಸಿತು. ವಿದ್ಯೆ ಒಂದು, ಸಂಯಮ ಒಂದು. ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ.

ಅಳಿಯ: ಟೂರ್ನಮೆಂಟಿನಿಂದ ಕ್ಷೇಮವಲ್ಲದೆ ವಿದ್ಯೆಯೇನೂ ಬರುವುದಿಲ್ಲವೆ?

ಮಾವ: ಬರುತ್ತದೆ, ಆದರೆ ಬೇರೆಯ ವಿದ್ಯೆ. ಅದರಲ್ಲಿ ಚಿಪ್ಸು ಹಣವಲ್ಲ, ಹಣ ಬರುವ ಸಂಭವ. ಒಂದೇ ಮೇಜಿನ ಸಣ್ಣ ಟೂರ್ನಮೆಂಟನ್ನು ತೆಗೆದುಕೊ. ಒಂಬತ್ತು ಮಂದಿಯ ಶುಲ್ಕ ಕಳೆದು 900 ಡಾಲರು ಬಹುಮಾನವಿದೆ. ಮೊದಲನೆಯವನಿಗೆ 450, ಎರಡನೆಯವನಿಗೆ 270, ಮೂರನೆಯವನಿಗೆ 180. ಮೂವರು ಉಳಿದಿದ್ದೀರಿ, ಚಿಪ್ಸು ಸಮಸಮ. ಬಲವೂ ಸಮವಾಗಿದ್ದರೆ ಒಬ್ಬೊಬ್ಬನ ಪಾಲು 300. ಈಗ ಒಬ್ಬನು ಇರುವುದನ್ನೆಲ್ಲ ನೂಕಿದನು. ನೀನು ಒಪ್ಪಿ ಇಟ್ಟೆ. ಗೆದ್ದರೆ ಒಟ್ಟು ಚಿಪ್ಸಿನಲ್ಲಿ ಮೂರರಲ್ಲಿ ಎರಡು ಪಾಲು ನಿನ್ನದು. ಆಗ 270 ನಿನಗೆ ಖಂಡಿತ. ಮೇಲಿನ 180ರಲ್ಲಿ ಮೂರರಲ್ಲೆರಡು ಭಾಗದ ಆಸೆ, ಅಂದರೆ 120. ಒಟ್ಟು 390. ಸೋತರೆ 180. ಗೆದ್ದಾಗ ಏರಿದ್ದು 90, ಸೋತಾಗ ಇಳಿದದ್ದು 120. ಚಿಪ್ಸಿನ ಲೆಕ್ಕದಲ್ಲಿ ಸಮನಾಗಿದ್ದ ಪಣ ಹಣದ ಲೆಕ್ಕದಲ್ಲಿ ಸಮನಾಗಲಿಲ್ಲ.

ಅಳಿಯ: ಹಾಗಾದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಸಂಭವ ಸಾಲದು, ಏಳರಲ್ಲಿ ನಾಲ್ಕು ಸಲವಾದರೂ ಗೆಲ್ಲುವಂಥ ಎಲೆ ಬೇಕು. ಕ್ಯಾಶ್ ಗೇಮಿನಲ್ಲಿ ಸಂತೋಷದಿಂದ ಒಪ್ಪಬಹುದಾದ ಪಣವನ್ನು ಇಲ್ಲಿ ಬಿಡಬೇಕಾಗುತ್ತದೆ. ಆದರೆ 390ಕ್ಕೆ 180 ಸೇರಿಸಿದರೆ 570. 900ರಲ್ಲಿ ಉಳಿದ 330 ಎಲ್ಲಿ ಹೋಯಿತು?

ಮಾವ: ಮೂರನೆಯವನ ಪಾಲಿಗೆ. ಅವನು ಎಲೆಯನ್ನು ಬಿಸುಟು ಚಹಾ ಕುಡಿಯುತ್ತ ಕುಳಿತಿದ್ದನು, ಅವನ 300 ತಾನಾಗಿ 330 ಆಯಿತು. ಪರರ ಕಲಹದಲ್ಲಿ ತಟಸ್ಥನಿಗೆ ಲಾಭವಿರುವ ಆಟವಿದು; ಕ್ಯಾಶ್ ಗೇಮಿನಲ್ಲಿ ತಟಸ್ಥನಿಗೆ ಬಿಡಿಗಾಸೂ ಬಾರದು. ಆದುದರಿಂದಲೇ, 1995ರ ವಿಶ್ವವಿಜೇತನಾದ ಡ್ಯಾನ್ ಹ್ಯಾರಿಂಗ್ಟನ್ ಪೋಕರಿನ ವಿಷಯವಾಗಿ ಗ್ರಂಥಗಳನ್ನು ಬರೆಯಲು ತೊಡಗಿದಾಗ, ಟೂರ್ನಮೆಂಟಿಗೆ ಮೂರು ಸಂಪುಟಗಳನ್ನು ಬರೆದ ಮೇಲೆಯೂ ಕ್ಯಾಶ್ ಗೇಮಿಗೆಂದು ಪ್ರತ್ಯೇಕವಾಗಿ ಎರಡು ಸಂಪುಟಗಳನ್ನು ಬರೆಯಬೇಕಾಯಿತು. ಎಲೆ ಒಂದೇ, ಶಾಸ್ತ್ರ ಎರಡು.

ಅಳಿಯ: ಇಷ್ಟೆಲ್ಲ ಲೆಕ್ಕವಿರುವ ಆಟವನ್ನು ಜೂಜೆನ್ನುವುದೇ ಅನ್ಯಾಯವೆನಿಸುತ್ತದೆ. ರಜೆ ಮುಗಿಯುವವರೆಗೆ ಇಲ್ಲಿಯೇ ಮೊಬೈಲಿನಲ್ಲಿ ಸಣ್ಣ ಪಣವಿಟ್ಟು ಅಭ್ಯಾಸ ಮಾಡಿದರೆ ಹೇಗೆ?

ಮಾವ: ಆಗದು. ಇದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬ ಚರ್ಚೆ ನಮ್ಮ ನ್ಯಾಯಾಲಯಗಳಲ್ಲಿಯೂ ನಡೆದಿದೆ. ಆನ್‌ಲೈನ್ ಪಣದಾಟಗಳನ್ನು ನಿಷೇಧಿಸಿದ ಕರ್ನಾಟಕದ 2021ರ ಪೊಲೀಸ್ ತಿದ್ದುಪಡಿಯ ವಿಧಿಗಳನ್ನು 2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟು ರದ್ದುಮಾಡಿತು. ಆದರೆ 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಕೌಶಲ, ಅದೃಷ್ಟ ಎಂಬ ಭೇದವನ್ನೇ ಗಣಿಸದೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ. ಅದಿರಲಿ, ಆಟದಲ್ಲಿ ಕೌಶಲವಿದೆಯೆಂಬುದು ನಿನ್ನಲ್ಲಿ ಕೌಶಲವಿದೆಯೆಂಬುದಕ್ಕೆ ಪ್ರಮಾಣವಲ್ಲ. ನಿನಗಿಂತ ಬಲ್ಲವನು ಎದುರಿಗೆ ಕುಳಿತಿದ್ದರೆ ಆ ಕೌಶಲವೇ ನಿನ್ನ ನಷ್ಟಕ್ಕೆ ಕಾರಣ. ನಳನು ಪುಷ್ಕರನಿಗೆ ರಾಜ್ಯವನ್ನು ಸೋತದ್ದು ದಾಳದ ಮರ್ಮವಾದ ಅಕ್ಷಹೃದಯವನ್ನು ಅರಿಯದ ಕಾಲದಲ್ಲಿ. ತಾರೆಯ ಮರದ ಎಲೆ ಕಾಯಿಗಳನ್ನು ಕಣ್ಣಳತೆಯಿಂದಲೇ ಎಣಿಸಬಲ್ಲ ಋತುಪರ್ಣನಿಂದ ಆ ವಿದ್ಯೆಯನ್ನು ಪಡೆದ ಮೇಲೆಯೇ ಅವನು ಮತ್ತೆ ಆಡಿ ಗೆದ್ದನು. ಎಣಿಸಲು ಕಲಿಯುವುದು ಮೊದಲು, ಪಣ ಆಮೇಲೆ. ರಜೆಯಲ್ಲಿ ಎಲೆಗಳನ್ನು ಹರಡಿಕೊಂಡು ಎಣಿಸು. ಅದಕ್ಕೆ ದುಡ್ಡೂ ಬೇಡ, ಪರವಾನಗಿಯೂ ಬೇಡ.

ಅಳಿಯ: ಸರಿ. ಹಿಂದಿರುಗಿದ ಮೇಲೆ ಸಣ್ಣ ಟೂರ್ನಮೆಂಟಿನಿಂದಲೇ ಆರಂಭಿಸುತ್ತೇನೆ. ಎಷ್ಟು ಹಣವನ್ನು ಇದಕ್ಕೆಂದು ಎತ್ತಿಡಬೇಕು? ಗೆಲ್ಲಲು ತೊಡಗಿದ್ದೇನೆಂದು ತಿಳಿಯುವುದು ಹೇಗೆ?

ಮಾವ: 2000ದ ವಿಶ್ವವಿಜೇತ ಕ್ರಿಸ್ ಫರ್ಗುಸನ್ ಆನ್‌ಲೈನ್ ಆಟದಲ್ಲಿ ಸೊನ್ನೆಯಿಂದ ಆರಂಭಿಸಿ ಹತ್ತು ಸಾವಿರ ಡಾಲರು ಕೂಡಿಸುವ ವ್ರತ ಕೈಗೊಂಡಾಗ ತನಗೆ ತಾನೇ ಹಾಕಿಕೊಂಡ ಕಟ್ಟುಗಳಿವು: ಆಟಕ್ಕೆಂದಿರುವ ಒಟ್ಟು ಹಣದಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚನ್ನು ಒಂದು ಕ್ಯಾಶ್ ಮೇಜಿಗೆ ಒಯ್ಯಬಾರದು, ಅನೇಕ ಮೇಜುಗಳ ಟೂರ್ನಮೆಂಟೊಂದಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚನ್ನು ತೆರಬಾರದು, ಕ್ಯಾಶ್ ಮೇಜಿನಲ್ಲಿ ತನ್ನ ಮುಂದಿರುವ ಹಣ ಒಟ್ಟಿನ ನೂರಕ್ಕೆ ಹತ್ತನ್ನು ಮೀರಿದರೆ, ಬ್ಲೈಂಡು ತನ್ನ ಸರದಿಗೆ ಬಂದೊಡನೆ ಏಳಬೇಕು. ಟೂರ್ನಮೆಂಟಿಗೆ ಕಡಮೆಯೇಕೆಂದರೆ ಬಲ್ಲವನಿಗೂ ಅಲ್ಲಿ ಬಹುಮಾನವಿಲ್ಲದ ಸಂಜೆಗಳ ಸಾಲು ಉದ್ದ. ಕಡೆಯ ಕಟ್ಟನ್ನು ಗಮನಿಸು: ಗೆಲ್ಲುತ್ತಿರುವಾಗ ಏಳಲು ವಿಶ್ವವಿಜೇತನಿಗೂ ಬರೆದಿಟ್ಟ ನಿಯಮ ಬೇಕಾಯಿತು. ಇನ್ನು ಗೆಲುವಿನ ವಿಷಯ. ನಾಲ್ಕಾರು ಟೂರ್ನಮೆಂಟುಗಳ ಫಲದಿಂದ ಏನೂ ತಿಳಿಯದು. ಅವಿವೇಕಿ ಗೆದ್ದಿರುತ್ತಾನೆ, ವಿವೇಕಿ ಸೋತಿರುತ್ತಾನೆ. ಕಷ್ಟವೆನಿಸಿದ ಎರಡು ಮೂರು ಆಟಗಳನ್ನು ಮನೆಗೆ ಬಂದು ಬರೆದಿಡು: ಪಾಟಿನಲ್ಲಿ ಎಷ್ಟಿತ್ತು, ಎಷ್ಟು ಕೇಳಿದರು, ಉಪಯೋಗಕ್ಕೆ ಬರುವ ಎಲೆಗಳೆಷ್ಟು ಉಳಿದಿದ್ದವು. ಒಂದು ತಿಂಗಳ ಮೇಲೆ ನಿನ್ನ ತೀರ್ಮಾನವನ್ನು ನೀನೇ ಪರೀಕ್ಷಿಸು. ಹಣ ಬಂದಿತೇ ಹೋಯಿತೇ ಎಂಬುದನ್ನು ಆ ಪುಟದಲ್ಲಿ ಬರೆಯಬೇಡ.

ಅಳಿಯ: ನಿಮ್ಮ ಕಟ್ಟಡದಲ್ಲಿ ಒಂದು ಬಿರುಕು ಕಾಣುತ್ತದೆ, ಹೇಳಲೆ? ಟೂರ್ನಮೆಂಟು ನಡೆಯುವುದೂ ಕ್ಯಾಶ್ ಗೇಮು ನಡೆಯುವುದೂ ಒಂದೇ ಛಾವಣಿಯ ಕೆಳಗೆ. ಎಂಟು ಗಂಟೆಗೆ ನನ್ನ ಚಿಪ್ಸು ಮುಗಿದು ಎದ್ದರೆ ಹತ್ತು ಹೆಜ್ಜೆಯಾಚೆ ಖಾಲಿ ಕುರ್ಚಿ ಇರುತ್ತದೆ. ಸೋತ ಬೇಗೆ ಆರಿರುವುದಿಲ್ಲ, ಮನೆಗೆ ಹೋಗಲು ಹೊತ್ತು ಮೀರಿರುವುದಿಲ್ಲ. ನೂರು ಡಾಲರಿಗೆ ಕೊಂಡ ಮಿತಿ ಆ ಹತ್ತು ಹೆಜ್ಜೆಗಳಲ್ಲಿ ಕರಗಿಹೋಗುವುದಿಲ್ಲವೆ?

ಮಾವ: ಕರಗಿಹೋಗುತ್ತದೆ; ಹಾಗೆ ಕರಗಲೆಂಬ ಹಂಚಿಕೆಯಿಂದಲೇ ಎಷ್ಟೋ ಕಡೆ ಸಂಜೆಯ ಟೂರ್ನಮೆಂಟನ್ನು ಇಟ್ಟಿರುತ್ತಾರೆಂದು ನಾನು ತಿಳಿದಿದ್ದೇನೆ. ಧರ್ಮರಾಯನ ಕಥೆಯಲ್ಲಿಯೂ ನಾನು ಹೇಳದೆ ಉಳಿಸಿದ ಭಾಗವೊಂದಿದೆ. ಮೊದಲ ದ್ಯೂತದಲ್ಲಿ ಸೋತದ್ದೆಲ್ಲ ಅವನಿಗೆ ಹಿಂದಕ್ಕೆ ದೊರೆತಿತ್ತು. ಪರಿವಾರದೊಡನೆ ಇಂದ್ರಪ್ರಸ್ಥದ ದಾರಿ ಹಿಡಿದಿದ್ದನು. ನಡುದಾರಿಯಲ್ಲಿ ಕರೆ ಬಂದಿತು, ಹಿಂದಿರುಗಿದನು. ಅವನ ಕೇಡು ಶಕುನಿಯ ದಾಳದಲ್ಲಿ ಎಷ್ಟಿತ್ತೋ ಆ ಹಿಂದಿರುಗುವಿಕೆಯಲ್ಲಿಯೂ ಅಷ್ಟೇ ಇತ್ತು. ಪಂದ್ಯಕ್ಕೆ ಮಿತಿಯಿದ್ದರೆ ಸಾಲದು, ಸಂಜೆಗೂ ಮಿತಿಯಿರಬೇಕು.

ಅಳಿಯ: ಅದಕ್ಕೆ ಉಪಾಯ?

ಮಾವ: ಪ್ರವೇಶಧನ ಎಷ್ಟೋ ಅಷ್ಟನ್ನೇ ಜೇಬಿನಲ್ಲಿಟ್ಟುಕೊಂಡು ಹೋಗು, ಬ್ಯಾಂಕಿನ ಕಾರ್ಡು ಮನೆಯಲ್ಲಿರಲಿ. ಬೇಗ ಹೊರಬಿದ್ದೆಯಾದರೆ ಹತ್ತು ಹೆಜ್ಜೆ ಕ್ಯಾಶ್ ಮೇಜಿನವರೆಗೆ ನಡೆದು, ಕುಳಿತುಕೊಳ್ಳದೆ, ಅಲ್ಲಿಯವರು ಆಡುವುದನ್ನು ಹೊರಗಿನಿಂದ ಒಂದಿಷ್ಟು ಹೊತ್ತು ನೋಡು: ಯಾರು ಎಷ್ಟು ಇಟ್ಟರು, ಯಾರು ಯಾವಾಗ ಎಲೆ ಬಿಟ್ಟರು, ಯಾರು ಮೂರನೆಯ ಸಲ ಚಿಪ್ಸು ಕೊಂಡರು. ಗೆದ್ದ ಸಂಜೆಯೂ ಇದೇ ವಿಧಿ. ಗೆದ್ದ ಹಣದೊಡನೆ ಆ ಕುರ್ಚಿಯ ಮುಂದೆ ಹಾದುಹೋಗುವುದು ಸೋತಾಗಿನದಕ್ಕಿಂತ ಕಷ್ಟ. ಹೀಗೆ ಅನೇಕ ಸಂಜೆಗಳು ಕಳೆದು, ಖಾಲಿ ಕುರ್ಚಿ ಕಂಡರೂ ಕಾಲು ತಡವರಿಸದೆ ಹೊರಬಾಗಿಲ ಕಡೆಗೆ ನಡೆಯುತ್ತದೆಂದು ಖಚಿತವಾದಾಗ, ಅಂದು ನೀನು ಕ್ಯಾಶ್ ಗೇಮಿಗೆ ಅರ್ಹನಾದೆ. ಟೂರ್ನಮೆಂಟಿನಲ್ಲಿ ಎಷ್ಟು ಬಹುಮಾನ ಬಂದಿತೆಂಬುದು ಆ ಅರ್ಹತೆಗೆ ಲೆಕ್ಕವಿಲ್ಲ.

ಅಳಿಯ: ಅಷ್ಟು ಸಂಯಮ ಬಂದವನಿಗೆ ಆಮೇಲೆ ಆಡುವ ಚಪಲವೇ ಉಳಿಯದಿದ್ದರೆ?

ಮಾವ: ಅದೂ ಒಂದು ಫಲವೇ, ನಷ್ಟವೆಂದು ನಾನು ಎಣಿಸುವುದಿಲ್ಲ. ಉಳಿದರೆ ಆಡು, ನೂರು ಬ್ಲೈಂಡುಗಳ ಹಣದೊಡನೆ, ಏಳುವ ಹೊತ್ತನ್ನು ಮೊದಲೇ ಗೊತ್ತುಮಾಡಿಕೊಂಡು, ಕಡಮೆ ಪಣದ ಮೇಜಿನಲ್ಲಿ. ಆ ಗುಲಾಮ ಎಂಟರ ಪ್ರಶ್ನೆಗೆ ಪೂರ್ಣವಾದ ಉತ್ತರ ದೊರೆಯುವುದು ಅಲ್ಲಿಯೇ.